ಬೆಣ್ಣೆ ಬಿಟ್ಟರೂ ಕರಗದ ಕೊಬ್ಬು: ದಾವಣಗೆರೆಯ ಒಂದು ಫ್ಯಾಟಿ ಲಿವರ್ ಪ್ರಕರಣ

ಸ್ಕ್ಯಾನಿಂಗ್ ವರದಿಯ ಕೊನೆಯ ಸಾಲಿನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿತ್ತು. ಮನೆಯಲ್ಲಿ ಮೊದಲು ಎದ್ದದ್ದು ಕುಡಿತದ ಮಾತು. ‘ನಮ್ಮ ಹುಡುಗ ಒಂದು ತೊಟ್ಟು ಮುಟ್ಟಿದವನಲ್ಲ, ಇವನಿಗ್ಯಾಕೆ ಲಿವರ್ ಕೆಡಬೇಕು’ ಎಂದು ತಾಯಿ. ‘ಅಂಗಡಿಯಿಂದ ದಿನಾ ಹತ್ತೂವರೆಗೆ ಬರ್ತೀರಲ್ಲ, ನಿಜ ಹೇಳ್ರಿ’ ಎಂದು ಹೆಂಡತಿ. ನಿಜ ಏನೆಂದರೆ ಅವರು ಕುಡಿಯುವವರೇ ಅಲ್ಲ. ಅಂಗಡಿಯಲ್ಲಿ ಕುಡಿಯುತ್ತಿದ್ದದ್ದು ಟೀ, ದಿನಕ್ಕೆ ಆರು.

ದಾವಣಗೆರೆಯ ಬಟ್ಟೆ ವ್ಯಾಪಾರಿ, ವಯಸ್ಸು 44, ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ವಿಮೆ ಪಾಲಿಸಿಗೆಂದು ಆಗಸ್ಟ್‌ನಲ್ಲಿ ಮಾಡಿಸಿದ ತಪಾಸಣೆಯಲ್ಲಿ ಇದು ಗೊತ್ತಾಯಿತು. ಇಲ್ಲಿರುವುದು ಒಬ್ಬರೇ ವ್ಯಕ್ತಿಯ ಕಡತವಲ್ಲ. ಈ ಭಾಗದಲ್ಲಿ ಮತ್ತೆ ಮತ್ತೆ ಕಾಣುವ ಊಟ, ತಪ್ಪು, ತಿದ್ದುಪಡಿಗಳನ್ನು ಒಬ್ಬರ ಲೆಕ್ಕಕ್ಕೆ ಕೂಡಿಸಿ ಕಟ್ಟಿದ ಮಾದರಿ ಪ್ರಕರಣ ಇದು. ಅಂಕಿಗಳೂ ಆ ಮಾದರಿಯವೇ.

ಮೊದಲ ದಿನದ ಅಂಕಿಗಳು

ಎತ್ತರ 168 ಸೆಂ.ಮೀ., ತೂಕ 82 ಕೆ.ಜಿ., ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟೆಂಬ ಸೂಚ್ಯಂಕ) 29. ಸೊಂಟದ ಸುತ್ತಳತೆ 102 ಸೆಂ.ಮೀ. ಬಿ.ಪಿ. 138/88. ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎರಡು ಕಿಣ್ವಗಳಲ್ಲಿ ಎಸ್‌ಜಿಪಿಟಿ 78, ಎಸ್‌ಜಿಒಟಿ 52. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.1. ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್ 238, ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 34. ಪ್ಲೇಟ್‌ಲೆಟ್ 2.1 ಲಕ್ಷ. ಹೆಪಟೈಟಿಸ್ ಬಿ ಮತ್ತು ಸಿ ಎರಡೂ ಇಲ್ಲ, ಥೈರಾಯ್ಡ್ ಸರಿ.

2023ರಲ್ಲಿ ಈ ಕಾಯಿಲೆಯ ಹೆಸರೇ ಬದಲಾಯಿತು. ಅದುವರೆಗೆ ‘ಮದ್ಯದಿಂದ ಬಾರದ ಫ್ಯಾಟಿ ಲಿವರ್’ ಎನ್ನುತ್ತಿದ್ದರು, ಅಂದರೆ ಏನಲ್ಲ ಎಂದು ಹೇಳುವ ಹೆಸರು. ಈಗಿನದು ಚಯಾಪಚಯದ ಏರುಪೇರಿಗೆ ಗಂಟು ಹಾಕಿದ ಹೆಸರು, ಇಂಗ್ಲಿಷ್ ಮೊದಲಕ್ಷರಗಳಲ್ಲಿ ಎಂಎಎಸ್‌ಎಲ್‌ಡಿ. ಲಿವರ್‌ನಲ್ಲಿ ಕೊಬ್ಬು ಕಂಡಿರಬೇಕು, ಜೊತೆಗೆ ಐದರಲ್ಲಿ ಒಂದಾದರೂ ಇರಬೇಕು: ಹೆಚ್ಚಿನ ತೂಕ ಅಥವಾ ಸೊಂಟ, ಹೆಚ್ಚಿನ ಸಕ್ಕರೆ, ಹೆಚ್ಚಿನ ಬಿ.ಪಿ., ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಗಂಡಸರಲ್ಲಿ ಎಚ್‌ಡಿಎಲ್ 40 ಅಥವಾ ಕೆಳಗೆ. ಇವರಲ್ಲಿ ಐದೂ ಇದ್ದವು. ನಮ್ಮ ಜನಕ್ಕೆ ಬಿಎಂಐ 23 ದಾಟಿದರೇ ಹೆಚ್ಚು ತೂಕ, ಗಂಡಸರ ಸೊಂಟ 90 ಸೆಂ.ಮೀ. ದಾಟಬಾರದು. ‘ನಾನೇನು ಅಂಥಾ ದಪ್ಪ ಇಲ್ಲ’ ಎನ್ನುವ ಮಾತಿಗೆ ಅಳತೆ ಟೇಪು ಒಪ್ಪುವುದಿಲ್ಲ.

ಗ್ರೇಡ್ 2 ಎಂಬುದರ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅದು ಸ್ಕ್ಯಾನಿಂಗ್ ಪರದೆಯಲ್ಲಿ ಲಿವರ್ ಎಷ್ಟು ಬೆಳ್ಳಗೆ ಕಂಡಿತು ಎಂಬುದರ ಅಂದಾಜು ಮಾತ್ರ. ಲಿವರ್ ಗಟ್ಟಿಯಾಗಿ ಗಾಯದ ನಾರು ಕಟ್ಟಿದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಮುಂದೆ ಆಪತ್ತು ತರುವುದು ಆ ನಾರೇ. ಅದಕ್ಕೆ ಖರ್ಚಿಲ್ಲದ ಮೊದಲ ಜರಡಿ ಫಿಬ್-4 ಲೆಕ್ಕ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಇಟ್ಟುಕೊಳ್ಳಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಇದರಿಂದ ಭಾಗಿಸಬೇಕು. 2.1 ಲಕ್ಷವನ್ನು 210 ಎಂದು ಹಾಕಬೇಕು. ಲಕ್ಷವನ್ನು ಹಾಗೇ ಹಾಕಿದರೆ ಉತ್ತರ ಸೊನ್ನೆಯ ಹತ್ತಿರ ಬಂದು ಸುಳ್ಳು ನೆಮ್ಮದಿ ಕೊಡುತ್ತದೆ. ಇವರದು 44 × 52 = 2288; ಕೆಳಗೆ 210 × 8.83 = 1854; ಉತ್ತರ 1.23. 1.3ಕ್ಕಿಂತ ಕಡಿಮೆ ಇದ್ದರೆ ಗಂಭೀರ ನಾರುಗಟ್ಟುವಿಕೆ ಇರುವ ಸಂಭವ ಕಡಿಮೆ, 2.67 ದಾಟಿದರೆ ತಜ್ಞರ ಬಳಿ ಹೋಗಲೇಬೇಕು. 65 ದಾಟಿದವರಿಗೆ ಕೆಳಗಿನ ಗೆರೆ 2.0. ಇವರದು ಗೆರೆಯ ಅಂಚಿನಲ್ಲೇ ಇದ್ದದ್ದರಿಂದ ಲಿವರ್‌ನ ಗಟ್ಟಿತನ, ಕೊಬ್ಬು ಎರಡನ್ನೂ ಹೊರಗಿನಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಲಾಯಿತು. ಗಟ್ಟಿತನ 7.1 ಕಿಲೋಪ್ಯಾಸ್ಕಲ್, 8ರ ಒಳಗೆ. ಕೊಬ್ಬಿನ ಅಳತೆ 312, ಅಂದರೆ ತುಂಬ ಜಾಸ್ತಿ. ಕೊಬ್ಬು ತುಂಬಿದೆ, ನಾರು ಇನ್ನೂ ಬಲಿತಿಲ್ಲ. ಊಟ ತಿದ್ದಿದರೆ ಹಿಂದಕ್ಕೆ ಬರಬಹುದಾದ ಹಂತ.

ಹತ್ತು ವಾರದ ಸ್ವಂತ ಪಥ್ಯ

‘ಕೊಬ್ಬು’ ಎಂಬ ಪದ ಕೇಳಿದ ಕೂಡಲೇ ಮನೆಯವರ ಕಣ್ಣು ಹೋದದ್ದು ಬೆಣ್ಣೆ ದೋಸೆಯ ಮೇಲೆ. ವಾರಕ್ಕೆ ಮೂರು ಬೆಳಗ್ಗೆ ಎರಡೆರಡು ಬೆಣ್ಣೆ ದೋಸೆ ತಿನ್ನುತ್ತಿದ್ದರು. ಅದು ನಿಂತಿತು. ತುಪ್ಪ ನಿಂತಿತು. ಎಣ್ಣೆ ಬೇಕಾಗುತ್ತದೆಂದು ಪಲ್ಯವೂ ನಿಂತಿತು, ಅನ್ನ ಸಾರಷ್ಟೇ ಉಳಿಯಿತು. ಸಂಜೆಯ ಮಿರ್ಚಿ ಬಿಟ್ಟು ಮಂಡಕ್ಕಿಯನ್ನು ಒಗ್ಗರಣೆ ಇಲ್ಲದೆ ತಿಂದರು. ಬೆಳಗ್ಗೆ ಬಿಸಿನೀರಿಗೆ ನಿಂಬೆ, ಎರಡು ಚಮಚ ಜೇನುತುಪ್ಪ. ಹನ್ನೊಂದಕ್ಕೆ ಸಕ್ಕರೆ ಹಾಕಿದ ಒಂದು ಲೋಟ ಮೋಸಂಬಿ ಜ್ಯೂಸ್. ನಾಲ್ಕಕ್ಕೆ ಬೆಲ್ಲ ಹಾಕಿದ ರಾಗಿ ಮಾಲ್ಟ್. ಟೀ ಮಾತ್ರ ಬಿಡಲಿಲ್ಲ, ಬಿಟ್ಟರೆ ತಲೆನೋವು. ಇದರ ಮೇಲೆ ಪರಿಚಯಸ್ಥರು ಹೇಳಿದ ಅಮೃತಬಳ್ಳಿ ಕಷಾಯ, ಮೆಡಿಕಲ್ ಸ್ಟೋರಿನಿಂದ ತಾವೇ ತಂದ ವಿಟಮಿನ್ ಇ ಮಾತ್ರೆ.

ಹತ್ತು ವಾರ ಅಚ್ಚುಕಟ್ಟಾಗಿ ಮಾಡಿದರು. ತೂಕ 82ರಿಂದ 81. ಎಸ್‌ಜಿಪಿಟಿ 78ರಿಂದ 84ಕ್ಕೆ ಏರಿತು. ಟ್ರೈಗ್ಲಿಸರೈಡ್ 238ರಿಂದ 268. ನಾಲಿಗೆ ಕಟ್ಟಿ ಕೂತವರಿಗೆ ಇದಕ್ಕಿಂತ ನಿರಾಸೆ ಬೇಡ.

ತಪ್ಪಿದ್ದೆಲ್ಲಿ ಎಂದು ತಿಳಿಯಲು ಸಕ್ಕರೆಯ ಲೆಕ್ಕ ಸಾಕು. ಮೊದಲು ಆರು ಟೀಯಲ್ಲಿ ತಲಾ 8 ಗ್ರಾಂ, ಜೊತೆಗೆ ಬಿಸ್ಕತ್ತು: ದಿನಕ್ಕೆ 60 ಗ್ರಾಂ ಆಸುಪಾಸು. ಪಥ್ಯದ ದಿನಗಳಲ್ಲಿ ಟೀ 48, ಜೇನು 11, ಜ್ಯೂಸಿನಲ್ಲಿ ಹಣ್ಣಿನದೂ ಮೇಲೆ ಹಾಕಿದ್ದೂ ಸೇರಿ 30ಕ್ಕೂ ಹೆಚ್ಚು, ಮಾಲ್ಟಿನ ಬೆಲ್ಲ 15. ಒಟ್ಟು 104 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಒಟ್ಟು ಶಕ್ತಿಯ ಶೇ. 10ರ ಒಳಗೆ, ಸಾಧ್ಯವಾದರೆ ಶೇ. 5. ಎರಡು ಸಾವಿರ ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ, ಸಾಧ್ಯವಾದರೆ 25. ಜೇನು ಮತ್ತು ಹಣ್ಣಿನ ರಸದ ಸಕ್ಕರೆಯೂ ಆ ಲೆಕ್ಕಕ್ಕೇ ಸೇರುತ್ತದೆ. ಬೆಣ್ಣೆ ಹೋದ ಜಾಗಕ್ಕೆ ಸಿಹಿ ಬಂದು ಕೂತಿತ್ತು. ಪಲ್ಯ ಹೋದ ಜಾಗಕ್ಕೆ ಅನ್ನ.

ಕಷಾಯದ ಪಾತ್ರವನ್ನು ಇದರಿಂದ ಬೇರೆ ಮಾಡಿ ಹೇಳಲಾಗದು. ಅಮೃತಬಳ್ಳಿ ಸೇವನೆಯ ನಂತರ ಲಿವರ್ ಪೆಟ್ಟು ತಿಂದ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಎಸ್‌ಜಿಪಿಟಿ ಏರುತ್ತಿರುವಾಗ ಮೂಲಿಕೆ, ಟಾನಿಕ್ಕು, ಜಿಮ್ ಪುಡಿಗಳನ್ನು ಮೊದಲು ನಿಲ್ಲಿಸಿ ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ನೋಡುವುದು ಕ್ರಮ. ವಿಟಮಿನ್ ಇ ಕಥೆ ಬೇರೆ. 2010ರ ದೊಡ್ಡ ಪ್ರಯೋಗದಲ್ಲಿ ದಿನಕ್ಕೆ 800 ಯೂನಿಟ್ ವಿಟಮಿನ್ ಇ ಲಿವರ್ ಉರಿಯೂತಕ್ಕೆ ಉಪಯೋಗವಾಯಿತು. ಅದು ಲಿವರ್ ತುಣುಕು ಪರೀಕ್ಷೆಯಲ್ಲಿ ಉರಿಯೂತ ಖಚಿತವಾದ, ಮಧುಮೇಹ ಇಲ್ಲದವರಲ್ಲಿ. ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ತೆಗೆದುಕೊಂಡ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ತುಸು ಹೆಚ್ಚಾದದ್ದು 2011ರಲ್ಲಿ ಹೊರಬಿತ್ತು. ವೈದ್ಯರ ಚೀಟಿ ಇಲ್ಲದೆ ನುಂಗುವ ವಸ್ತುವಲ್ಲ. ಎರಡನ್ನೂ ನಿಲ್ಲಿಸಲಾಯಿತು.

ಲಿವರ್‌ಗೆ ಕೊಬ್ಬು ಬರುವ ಮೂರು ದಾರಿ

ದಾವಣಗೆರೆಯವರಿಗೆ ಮಂಡಿ ಗೊತ್ತು. ಲಿವರನ್ನು ಒಂದು ಮಂಡಿ ಎಂದುಕೊಂಡರೆ, ಮಾಲು ಮೂರು ಕಡೆಯಿಂದ ಬಂದು ಬೀಳುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗುರುತು ಹಚ್ಚಿದ ಅಣುಗಳನ್ನು ಹಿಂಬಾಲಿಸಿ ಈ ಪಾಲನ್ನು ಅಳೆದರು. ಲಿವರ್‌ನಲ್ಲಿದ್ದ ಕೊಬ್ಬಿನಲ್ಲಿ ಶೇ. 59 ದೇಹದ ಕೊಬ್ಬಿನ ಸಂಗ್ರಹದಿಂದಲೇ ರಕ್ತಕ್ಕೆ ಸೋರಿ ಬಂದದ್ದು. ಶೇ. 26 ಲಿವರ್ ತಾನೇ ಸಕ್ಕರೆ ಪಿಷ್ಟಗಳಿಂದ ಹೊಸದಾಗಿ ತಯಾರಿಸಿದ್ದು. ನೇರವಾಗಿ ಊಟದ ಎಣ್ಣೆ ಬೆಣ್ಣೆಯಿಂದ ಬಂದದ್ದು ಶೇ. 15 ಮಾತ್ರ. ಆ ವ್ಯಾಪಾರಿ ಹತ್ತು ವಾರ ಬಾಗಿಲು ಹಾಕಿದ್ದು ಈ ಕೊನೆಯ ಕಿಂಡಿಗೆ.

ದೊಡ್ಡ ಬಾಗಿಲು ತೆರೆದುಕೊಂಡಿರುವುದು ಇನ್ಸುಲಿನ್ ಮಾತು ನಡೆಯದಾದ್ದರಿಂದ. ಊಟವಾದ ಮೇಲೆ ಇನ್ಸುಲಿನ್ ಏರಿದಾಗ ಹೊಟ್ಟೆಯ ಕೊಬ್ಬಿನ ಕೋಶಗಳು ಕೊಬ್ಬು ಬಿಡುವುದನ್ನು ನಿಲ್ಲಿಸಬೇಕು. ಕೋಶಗಳು ತುಂಬಿ ಬಿರಿಯುವಂತಾದಾಗ ಆ ಆಜ್ಞೆ ಕೇಳಿಸುವುದಿಲ್ಲ, ಹಗಲೂ ರಾತ್ರಿ ಸೋರುತ್ತವೆ. ಲಿವರ್‌ನಲ್ಲಿ ಮಾತ್ರ ಇನ್ಸುಲಿನ್‌ನ ಇನ್ನೊಂದು ಆಜ್ಞೆ, ‘ಸಕ್ಕರೆಯನ್ನು ಕೊಬ್ಬಾಗಿಸು’ ಎಂಬುದು, ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ಎರಡೂ ಕಡೆ ನಷ್ಟ.

ಸಕ್ಕರೆಯಲ್ಲಿ ಅರ್ಧ ಗ್ಲುಕೋಸ್, ಅರ್ಧ ಫ್ರಕ್ಟೋಸ್. ಗ್ಲುಕೋಸನ್ನು ಮೈಯ ಸ್ನಾಯು, ಮಿದುಳು ಎಲ್ಲವೂ ಹಂಚಿಕೊಳ್ಳುತ್ತವೆ. ಫ್ರಕ್ಟೋಸ್ ಒಮ್ಮೆಗೆ ಹೆಚ್ಚು ಬಂದರೆ ಬಹುಪಾಲು ಲಿವರ್‌ಗೇ ಹೋಗುತ್ತದೆ. ಅಲ್ಲಿ ಗ್ಲುಕೋಸಿಗಿರುವ ತಡೆಗೇಟು ಅದಕ್ಕಿಲ್ಲ, ನೇರ ಕೊಬ್ಬಿನ ತಯಾರಿಕೆಗೆ ಇಳಿಯುತ್ತದೆ. ದ್ರವದಲ್ಲಿ ಬಂದರೆ ಇನ್ನೂ ಬೇಗ. ಬೆಲ್ಲಕ್ಕೂ ಇದೇ ಲೆಕ್ಕ. ಕಬ್ಬಿಣ, ಖನಿಜ ಎಂದು ಎಷ್ಟು ಹೊಗಳಿದರೂ ಅದರ ಬಹುಭಾಗ ಸಕ್ಕರೆಯೇ. 2019ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಹುಡುಗರ ಮೇಲೆ ನಡೆದ ಪ್ರಯೋಗದಲ್ಲಿ ಎಂಟು ವಾರ ಸೇರಿಸಿದ ಸಕ್ಕರೆಯನ್ನು ಶಕ್ತಿಯ ಶೇ. 3ರ ಒಳಗೆ ತಂದ ಗುಂಪಿನಲ್ಲಿ ಲಿವರ್ ಕೊಬ್ಬು ಶೇ. 25ರಿಂದ 17ಕ್ಕೆ ಇಳಿಯಿತು. ಮಾಮೂಲಿ ಊಟದ ಗುಂಪಿನಲ್ಲಿ 21 ಇದ್ದದ್ದು 20.

ಹಾಗಂತ ಬೆಣ್ಣೆಗೆ ಪೂರ್ತಿ ಬಿಡುಗಡೆ ಸಿಗಲಿಲ್ಲ. 2014ರ ಸ್ವೀಡನ್ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. 39 ಮಂದಿ ಯುವಜನರಿಗೆ ಏಳು ವಾರ ಮಾಮೂಲಿ ಊಟದ ಮೇಲೆ ಮಫಿನ್ ತಿನ್ನಿಸಿದರು, ಅರ್ಧ ಮಂದಿಗೆ ತಾಳೆ ಎಣ್ಣೆಯದು, ಅರ್ಧ ಮಂದಿಗೆ ಸೂರ್ಯಕಾಂತಿ ಎಣ್ಣೆಯದು. ಎರಡೂ ಗುಂಪಿನ ತೂಕ ಒಂದೇ ಅಳತೆ, ಸುಮಾರು 1.6 ಕೆ.ಜಿ. ಏರಿತು. ಲಿವರ್ ಕೊಬ್ಬು ಮಾತ್ರ ತಾಳೆ ಎಣ್ಣೆಯ ಗುಂಪಿನಲ್ಲಿ ಹೆಚ್ಚು ಏರಿತು. ಬೆಣ್ಣೆ, ಡಾಲ್ಡಾ, ತಾಳೆ ಎಣ್ಣೆಗಳ ಗಟ್ಟಿ ಕೊಬ್ಬು ಲಿವರ್‌ಗೆ ಭಾರ. ತುಪ್ಪ, ಬೆಣ್ಣೆ ಒಂದೊಂದು ಚಮಚಕ್ಕೆ ಇಳಿಯಲಿ, ಶೇಂಗಾ ಎಣ್ಣೆ, ಕುಸುಬೆ ಎಣ್ಣೆ ಅಳೆದು ಬಳಕೆಯಾಗಲಿ ಎಂಬುದು ಅದರಿಂದ ಹೊರಡುವ ಮಾತು. ಪಲ್ಯವನ್ನೇ ಬಿಡಿ ಎಂಬುದಲ್ಲ.

ಬಂದ ಮಾಲು ಹೊರಗೂ ಹೋಗಬೇಕಲ್ಲ. ಲಿವರ್ ತನ್ನ ಕೊಬ್ಬನ್ನು ವಿಎಲ್‌ಡಿಎಲ್ ಎಂಬ ಮೂಟೆಗಳಲ್ಲಿ ಕಟ್ಟಿ ರಕ್ತಕ್ಕೆ ಸಾಗಿಸುತ್ತದೆ. ರಕ್ತದ ಟ್ರೈಗ್ಲಿಸರೈಡ್ ಏರಿದ್ದು ಇದರ ಗುರುತು. ಮೂಟೆಗೆ ಚೀಲ ಬೇಕು, ಆ ಚೀಲದ ನೂಲು ಕೋಲೀನ್ ಎಂಬ ಪೋಷಕಾಂಶದಿಂದ ಆಗುತ್ತದೆ. ಕೋಲೀನ್ ಪೂರ್ತಿ ತೆಗೆದ ಊಟ ಕೊಟ್ಟು ನೋಡಿದಾಗ ಆರೋಗ್ಯವಂತರಲ್ಲೂ ಲಿವರ್‌ನಲ್ಲಿ ಕೊಬ್ಬು ಕೂತದ್ದು ಪ್ರಯೋಗಗಳಲ್ಲಿ ಕಂಡಿದೆ. ಗಂಡಸಿಗೆ ದಿನಕ್ಕೆ 550 ಮಿ.ಗ್ರಾಂ, ಹೆಂಗಸಿಗೆ 425 ಸಾಕೆನ್ನುವ ಅಂದಾಜಿದೆ. ಒಂದು ಮೊಟ್ಟೆಯಲ್ಲಿ 147. ಮೊಟ್ಟೆ ಮುಟ್ಟದ ಮನೆಯಲ್ಲಿ? ಹುರಿದ ಸೋಯಾ ಕಾಳು ಅರ್ಧ ಬಟ್ಟಲಿಗೆ 107, ಬೇಯಿಸಿದ ರಾಜ್ಮಾ ಅರ್ಧ ಬಟ್ಟಲಿಗೆ 45, ಒಂದು ಲೋಟ ಹಾಲಿಗೆ 43, ಕಾಲು ಬಟ್ಟಲು ಶೇಂಗಾಕ್ಕೆ 24, ಅರ್ಧ ಬಟ್ಟಲು ಹೂಕೋಸಿಗೂ ಅಷ್ಟೇ. ಅನ್ನ, ತಿಳಿಸಾರು, ಮಜ್ಜಿಗೆಯ ಪಥ್ಯದಲ್ಲಿ ಇದು ಎಲ್ಲಿಂದ ಬರಬೇಕು? ಮಾತ್ರೆಯ ಅಗತ್ಯವಿಲ್ಲ, ಕಾಳು ಹೆಚ್ಚಿದರೆ ಕೋಲೀನ್ ಜೊತೆಯಲ್ಲೇ ಬರುತ್ತದೆ.

ಎರಡನೇ ಸುತ್ತು, ನವೆಂಬರ್‌ನಿಂದ

ಗುರಿ ಮೊದಲೇ ಇಟ್ಟುಕೊಳ್ಳಲಾಯಿತು. ತೂಕ ಶೇ. 3ರಿಂದ 5 ಇಳಿದರೆ ಲಿವರ್ ಕೊಬ್ಬು ಕಡಿಮೆಯಾಗುತ್ತದೆ. 7ರಿಂದ 10 ಇಳಿದರೆ ಉರಿಯೂತವೂ ತಗ್ಗುತ್ತದೆ. ನಾರು ಕರಗಬೇಕಾದರೆ 10 ಮತ್ತು ಮೇಲೆ. 82ರಲ್ಲಿ ಶೇ. 7 ಎಂದರೆ 5.7 ಕೆ.ಜಿ. ಆರು ತಿಂಗಳಿಗೆ ಅದು ದೊಡ್ಡದಲ್ಲ. ವಾರಕ್ಕೆ ಅರ್ಧ ಕೆ.ಜಿ. ಮೀರಬಾರದೆಂದೂ ಗೆರೆ ಎಳೆದದ್ದು ಬೇಕೆಂದೇ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚು, ಸ್ನಾಯುವೂ ಹೋಗುತ್ತದೆ, ಲಿವರ್ ಉರಿಯೂತ ಹೆಚ್ಚುವುದೂ ಉಂಟು.

ಮೊದಲ ಎರಡು ವಾರ ತಟ್ಟೆಗೆ ಕೈ ಹಚ್ಚಲಿಲ್ಲ, ಲೋಟ ಮಾತ್ರ. ಜೇನು, ಜ್ಯೂಸು, ಮಾಲ್ಟು ನಿಂತವು. ಟೀ ಕಷ್ಟದ್ದಾಯಿತು. ‘ಸಕ್ಕರೆ ಇಲ್ಲದ್ದು ಕೊಡಪ್ಪ’ ಎಂದರೆ ಟೀ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಲು, ಪುಡಿ, ಸಕ್ಕರೆ ಒಂದೇ ಪಾತ್ರೆಯಲ್ಲಿ ಕುದಿದಿರುತ್ತದೆ. ಬಂದ ಗಿರಾಕಿಗೆ ಟೀ ತರಿಸಿ ತಾವು ಸುಮ್ಮನೆ ಕೂರುವುದೂ ವ್ಯಾಪಾರದ ರೀತಿಯಲ್ಲ. ಕೊನೆಗೆ ಮನೆಯಿಂದ ಅರ್ಧ ಲೀಟರಿನ ಫ್ಲಾಸ್ಕಿನಲ್ಲಿ ಸಕ್ಕರೆ ಇಲ್ಲದ ಫಿಲ್ಟರ್ ಕಾಫಿ ಬಂತು, ದಿನಕ್ಕೆ ಮೂರು ಲೋಟ, ನಾಲ್ಕು ಗಂಟೆಯ ನಂತರ ಇಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ನಾರು ಕಡಿಮೆ ಕಾಣುವುದು ಹಲವು ಸಮೀಕ್ಷೆಗಳಲ್ಲಿ ಕಂಡ ಸಂಗತಿ. ಸಕ್ಕರೆ ಸುರಿದ ಕಾಫಿಗೆ ಆ ಮರ್ಯಾದೆ ಇಲ್ಲ. ಬಾಯಿಗೆ ಕಹಿ ಹೊಂದಲು ಹತ್ತು ದಿನ ಹಿಡಿಯಿತು, ತಲೆನೋವು ಬರಲೇ ಇಲ್ಲ. ಬೇಕಾಗಿದ್ದದ್ದು ಕೆಫೀನ್, ಸಕ್ಕರೆಯಲ್ಲ.

ಮೂರನೇ ವಾರಕ್ಕೆ ರಾತ್ರಿಯ ಊಟದ ಹೊತ್ತು. ಅಂಗಡಿ ಹತ್ತಕ್ಕೆ ಮುಚ್ಚುವುದು, ಮನೆಗೆ ಬಂದು ಹತ್ತೂಮುಕ್ಕಾಲಿಗೆ ಎರಡೂವರೆ ಬಟ್ಟಲು ಅನ್ನ, ಹನ್ನೊಂದೂಕಾಲಿಗೆ ಹಾಸಿಗೆ. ಹೊತ್ತು ಹೋದಂತೆ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ತಗ್ಗುತ್ತದೆ, ಮಲಗಿದ ಮೇಲೆ ಖರ್ಚೂ ಇಲ್ಲ. ಅಂಗಡಿ ಬೇಗ ಮುಚ್ಚಿ ಎಂದು ಹೇಳುವ ಆಹಾರ ತಜ್ಞರ ಚೀಟಿ ಮೂರೇ ದಿನಕ್ಕೆ ಕಸದ ಬುಟ್ಟಿಗೆ ಹೋಗುತ್ತದೆ. ಬುತ್ತಿ ಡಬ್ಬಿ ಏಳೂವರೆಗೆ ಅಂಗಡಿಗೆ ಬರುವಂತಾಯಿತು, ಎಂಟಕ್ಕೆ ಊಟ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ, ಅಷ್ಟೇ.

ತಟ್ಟೆಯ ಸರದಿ ಕೊನೆಗೆ. ದಿನಕ್ಕೆ ಸುಮಾರು 1800 ಕ್ಯಾಲೊರಿ, 75 ಗ್ರಾಂ ಪ್ರೊಟೀನ್; ಗುರಿ ತೂಕ 70 ಎಂದು ಹಿಡಿದರೆ ಕೆ.ಜಿ.ಗೆ ಒಂದು ಗ್ರಾಂಗಿಂತ ತುಸು ಹೆಚ್ಚು.

ಬೆಳಗ್ಗೆ ಒಂದು ಜೋಳದ ರೊಟ್ಟಿ, 40 ಗ್ರಾಂ ಒಣ ಹೆಸರುಕಾಳಿನ ಅಥವಾ ಮಡಿಕೆಕಾಳಿನ ಪಲ್ಯ, 150 ಗ್ರಾಂ ಮೊಸರು. ಮಧ್ಯಾಹ್ನ ಒಂದು ರೊಟ್ಟಿ, ಒಂದು ಬಟ್ಟಲು ಅನ್ನ, ಬೇಳೆ ಗಟ್ಟಿಯಾಗಿರುವ ಸಾರು (ತಲೆಗೆ 30 ಗ್ರಾಂ ತೊಗರಿಬೇಳೆ ಬೀಳುವಂತೆ), ಪುಂಡಿ, ಮೆಂತ್ಯ, ಹಕ್ಕರಿಕೆ ಇತ್ಯಾದಿ ಸೊಪ್ಪು, ಹಸಿ ಮೂಲಂಗಿ ಸೌತೆಕಾಯಿ. ಸಂಜೆ 30 ಗ್ರಾಂ ಶೇಂಗಾ ಪುಟಾಣಿ. ರಾತ್ರಿ ಒಂದು ರೊಟ್ಟಿ, 30 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಮಾಡಿದ ಪಲ್ಯ ಅಥವಾ 80 ಗ್ರಾಂ ಪನೀರ್, ತರಕಾರಿ. ಅಗಸೆ ಚಟ್ನಿ ಪುಡಿ ಎರಡು ಹೊತ್ತು ಒಂದೊಂದು ಚಮಚ. ಅಗಸೆಯಲ್ಲಿ ಒಮೆಗಾ-3 ಜಾತಿಯ ಕೊಬ್ಬಿದೆ. ಮೀನು ತಿನ್ನದವರಿಗೆ ಇದು ಬದಲಿ, ಆದರೆ ಸಮಾನವಲ್ಲ, ದೇಹ ಅದರಲ್ಲಿ ಸ್ವಲ್ಪ ಪಾಲನ್ನಷ್ಟೇ ಮೀನಿನ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಹಣ್ಣು ದಿನಕ್ಕೆ ಒಂದು, ಕಚ್ಚಿ ತಿನ್ನುವಂಥದ್ದು: ಸೀಬೆ, ಪಪ್ಪಾಯಿ, ಮೋಸಂಬಿಯ ತೊಳೆ.

ಅಳತೆ ಇಲ್ಲದೆ ಇದು ಮಾತಾಗಿ ಉಳಿಯುತ್ತದೆ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು, ನೀರು ಸೇರಿ ಉಂಡೆ ಸುಮಾರು 115 ಗ್ರಾಂ. ಒಂದು ವಾರ ತಕ್ಕಡಿಯಲ್ಲಿ ತೂಗಿದರೆ ಆಮೇಲೆ ಕೈಗೇ ತೂಕ ಗೊತ್ತಾಗುತ್ತದೆ. ಅನ್ನದ ಬಟ್ಟಲು 150 ಗ್ರಾಂ ಹಿಡಿಯುವಂಥದ್ದು, ಗೋಪುರ ಕಟ್ಟದೆ ಮಟ್ಟ ಮಾಡಿ. ತಿನ್ನುವ ಸರದಿಯೂ ಮುಖ್ಯ: ಮೊದಲು ಹಸಿ ತರಕಾರಿ, ಪಲ್ಯ, ಕಾಳು, ಅನ್ನ ಕೊನೆಗೆ. ಅದೇ ಊಟವನ್ನು ಈ ಸರದಿಯಲ್ಲಿ ಉಂಡರೆ ಸಕ್ಕರೆಯ ಏರಿಕೆ ತಗ್ಗುತ್ತದೆ.

ಎಣ್ಣೆಗೆ ಚಮಚದ ಲೆಕ್ಕ ನಡೆಯುವುದಿಲ್ಲ, ಅಡುಗೆ ಮಾಡುವವರಿಗೆ ಕಿರಿಕಿರಿ. ಡಬ್ಬಿಯ ಲೆಕ್ಕ ನಡೆಯುತ್ತದೆ. ನಾಲ್ಕು ಜನರ ಈ ಮನೆಯಲ್ಲಿ ಐದು ಲೀಟರ್ ಡಬ್ಬಿ ತಿಂಗಳಿಗೆ ಮುಗಿಯುತ್ತಿತ್ತು: 5000 ಮಿ.ಲೀ. ಭಾಗಿಸು ನಾಲ್ಕು, ಭಾಗಿಸು ಮೂವತ್ತು, ತಲೆಗೆ ದಿನಕ್ಕೆ ಸುಮಾರು 42 ಮಿ.ಲೀ. ಹೊರಗಿನ ಮಿರ್ಚಿ, ದೋಸೆ ಇದರ ಮೇಲೆ. ಅದೇ ಡಬ್ಬಿ ಎರಡು ತಿಂಗಳು ಬರಬೇಕೆಂದು ತೀರ್ಮಾನವಾಯಿತು, ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದದ್ದಾಯಿತು.

ಜೋಳ ಯಾಕೆ? ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಆಹಾರದ ನಾರಿನಂಶ 10 ಗ್ರಾಂ, ರಾಗಿಯಲ್ಲಿ 11, ಪಾಲಿಶ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಅದಲ್ಲದೆ ರೊಟ್ಟಿಯನ್ನು ಅಗಿಯಬೇಕು, ಪಲ್ಯ ಇಲ್ಲದೆ ಅದು ಗಂಟಲಿಗಿಳಿಯುವುದಿಲ್ಲ, ಅನ್ನದ ಹಾಗೆ ಸಾರು ಸುರಿದು ಸೊರ್ ಎನ್ನಿಸಲಾಗದು. ಚಿತ್ರದುರ್ಗ, ಹೊಸದುರ್ಗದ ಕಡೆಯವರು ನವಣೆ, ಸಾಮೆ ಬಳಸಿದರೂ ಆದೀತು. ಆದರೆ ಸಿರಿಧಾನ್ಯ ಎಂಬ ಹೆಸರಿಗೆ ಮರುಳಾಗಿ ಮೂರು ಬಟ್ಟಲು ನವಣೆ ಅನ್ನ ಉಣ್ಣುವವರಿದ್ದಾರೆ. ಅಲ್ಲಿಯೂ ಬಹುಪಾಲು ಪಿಷ್ಟವೇ, ಬಟ್ಟಲಿನ ಲೆಕ್ಕ ಅದಕ್ಕೂ ಒಂದೇ.

ಮಂಡಕ್ಕಿ ಈ ಊರಿನ ಉಸಿರು, ಬಿಡಿ ಎಂದರೆ ನಡೆಯುವ ಮಾತಲ್ಲ. ಹಗುರ ಕಾಣುವುದರಿಂದ ಪಥ್ಯದ ತಿಂಡಿ ಎಂಬ ನಂಬಿಕೆ ಇದೆ. ಅಕ್ಕಿ ಅರಳಿ ಪೊಳ್ಳಾಗಿರುವುದರಿಂದ ಅದು ಬೇಗ ಜೀರ್ಣವಾಗಿ ಸಕ್ಕರೆಯನ್ನು ತಟ್ಟನೆ ಏರಿಸುತ್ತದೆ. ಬರೀ ಮಂಡಕ್ಕಿ ತಿಂದದ್ದು ಆ ಹತ್ತು ವಾರದ ಇನ್ನೊಂದು ತಪ್ಪು. ವಾರಕ್ಕೆ ಎರಡು ಸಲ, 25 ಗ್ರಾಂ ಮಂಡಕ್ಕಿಗೆ ಒಂದು ಹಿಡಿ ಶೇಂಗಾ ಪುಟಾಣಿ, ಈರುಳ್ಳಿ, ಟೊಮೆಟೊ, ಸೌತೆಕಾಯಿ, ನಿಂಬೆ, ಒಂದು ಚಮಚ ಎಣ್ಣೆಯ ಒಗ್ಗರಣೆ. ಮಿರ್ಚಿ ತಿಂಗಳಿಗೊಮ್ಮೆ, ಒಂದು. ಬೆಣ್ಣೆ ದೋಸೆ ಹದಿನೈದು ದಿನಕ್ಕೊಮ್ಮೆ, ಒಂದೇ, ಬೆಣ್ಣೆ ಅರ್ಧ ಹಾಕಿಸಿ, ಆ ಹೊತ್ತಿನ ರೊಟ್ಟಿಗೆ ಬದಲಾಗಿ. ಹಾಗೆ ಜಾಗ ಕೊಟ್ಟದ್ದಕ್ಕೇ ಕದ್ದು ತಿನ್ನುವುದು ತಪ್ಪಿತು ಎಂದು ನಮ್ಮ ಅಂದಾಜು.

ನಡಿಗೆ ವಾರಕ್ಕೆ ಐದು ಬೆಳಗ್ಗೆ 30 ನಿಮಿಷ ಕುಂದವಾಡ ಕೆರೆಯ ದಂಡೆಯ ಮೇಲೆ, ಮಾತಾಡಬಹುದು ಆದರೆ ಹಾಡಲಾಗದಷ್ಟು ವೇಗದಲ್ಲಿ. ರಾತ್ರಿ ಊಟದ ನಂತರ ಹತ್ತು ನಿಮಿಷ ಅಂಗಡಿಯ ಮುಂದೆ. ವಾರಕ್ಕೆ ಎರಡು ದಿನ ಬೈಠಕ್, ಗೋಡೆಗೆ ಕೈ ಊರಿ ದಂಡ. ತೂಕ ಇಳಿಯದಿದ್ದರೂ ವ್ಯಾಯಾಮ ಲಿವರ್ ಕೊಬ್ಬನ್ನು ಸ್ವಲ್ಪ ಇಳಿಸುತ್ತದೆ.

ನಿಂತು ಹೋದ ಮುಳ್ಳು

ನಾಲ್ಕನೇ ವಾರಕ್ಕೆ ತೂಕ 79.2, ಎಸ್‌ಜಿಪಿಟಿ 66. ಹತ್ತನೇ ವಾರಕ್ಕೆ 77, ಎಸ್‌ಜಿಪಿಟಿ 47. ಆಮೇಲೆ ಐದು ವಾರ ತಕ್ಕಡಿಯ ಮುಳ್ಳು ಕದಲಲಿಲ್ಲ. ಸಂಕ್ರಾಂತಿಯ ಎಳ್ಳು ಬೆಲ್ಲ, ಶೇಂಗಾ ಹೋಳಿಗೆ ಕಾರಣವೆಂದು ಮನೆಯವರು. ಅದು ನಾಲ್ಕು ದಿನದ ಮಾತು, ಐದು ವಾರಕ್ಕೆ ಸಾಲದು.

ಮೂರು ದಿನ ತಿಂದದ್ದನ್ನೆಲ್ಲ ಬರೆಸಿದಾಗ ಕಳ್ಳ ಸಿಕ್ಕಿದ್ದು ಶೇಂಗಾದಲ್ಲಿ. 30 ಗ್ರಾಂ ಎಂದು ಹೇಳಿದ್ದು ಗಲ್ಲಾ ಪಕ್ಕದ ಡಬ್ಬಿಯಾಗಿತ್ತು, ಗಿರಾಕಿ ಇಲ್ಲದಾಗ ಕೈ ತಾನಾಗಿ ಹೋಗುತ್ತಿತ್ತು. ತೂಗಿದರೆ ದಿನಕ್ಕೆ 90ರಿಂದ 100 ಗ್ರಾಂ. ಶೇಂಗಾ ಒಳ್ಳೆಯದೇ, ಆದರೆ 100 ಗ್ರಾಂಗೆ 550 ಕ್ಯಾಲೊರಿ ದಾಟುತ್ತದೆ. ದಿನದ ಕಡಿತವೇ ಸುಮಾರು 500, ಅದರಲ್ಲಿ ಮುಕ್ಕಾಲು ಇಲ್ಲಿ ತೀರಿಹೋಗುತ್ತಿತ್ತು. ಸಿಪ್ಪೆ ಸಮೇತ ಹುರಿದ ಕಾಯಿಯನ್ನೇ ಡಬ್ಬಿಗೆ ಹಾಕಿದ್ದು ಪರಿಹಾರ. ಒಂದೊಂದೇ ಸುಲಿಯಬೇಕು, ಸಿಪ್ಪೆ ಮುಂದೆ ಬಿದ್ದು ಲೆಕ್ಕ ಹೇಳುತ್ತದೆ. ಹದಿನಾರನೇ ವಾರದಿಂದ ಮುಳ್ಳು ಮತ್ತೆ ಕೆಳಗಿಳಿಯಿತು. ಯುಗಾದಿಗೆ ಎರಡು ಹೋಳಿಗೆ ತಿಂದರು, ಆ ದಿನ ಅನ್ನ ಬಿಟ್ಟರು. ಏನೂ ಕೆಡಲಿಲ್ಲ.

ಇದೇ ಊಟ ಎಲ್ಲರಿಗೂ ಸಲ್ಲದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಹೀಗೆ ಅರ್ಧಕ್ಕಿಳಿಸಿದರೆ ಸಕ್ಕರೆ ಕುಸಿದು ಬೀಳಬಹುದು, ಔಷಧದ ಪ್ರಮಾಣವನ್ನು ವೈದ್ಯರು ಮೊದಲು ತಿದ್ದಬೇಕು. ಕಿಡ್ನಿ ಸೋತವರಿಗೆ ಪ್ರೊಟೀನ್ ಲೆಕ್ಕ ಬೇರೆ. ಲಿವರ್ ಆಗಲೇ ಸಿರೋಸಿಸ್‌ಗೆ, ಅಂದರೆ ನಾರು ಬಲಿತು ಲಿವರ್ ಗಂಟುಗಂಟಾದ ಹಂತಕ್ಕೆ, ಹೋಗಿದ್ದರೆ ರಾತ್ರಿ ಬೇಗ ಉಂಡು ಹೊಟ್ಟೆ ಕಾಯಿಸುವುದು ಅಪಾಯ. ಅವರಿಗೆ ಮಲಗುವ ಮುಂಚೆ ತಿಂಡಿ ಬೇಕೇ ಬೇಕು, ಪ್ರೊಟೀನೂ ಹೆಚ್ಚು ಬೇಕು. ಕಣ್ಣು ಹಳದಿಯಾದರೆ, ಹೊಟ್ಟೆ ಕಾಲು ಊದಿದರೆ, ಕಪ್ಪು ಮಲ ಹೋದರೆ ಊಟದ ಚೀಟಿ ಹುಡುಕುತ್ತ ಕೂರಬಾರದು, ಅದೇ ದಿನ ಆಸ್ಪತ್ರೆ.

ಇಪ್ಪತ್ನಾಲ್ಕನೇ ವಾರ, ಏಪ್ರಿಲ್. ತೂಕ 75, ಮೊದಲ ದಿನದಿಂದ ಶೇ. 8.5 ಇಳಿಕೆ. ಎಸ್‌ಜಿಪಿಟಿ 33, ಎಸ್‌ಜಿಒಟಿ 29, ಟ್ರೈಗ್ಲಿಸರೈಡ್ 146, ಎಚ್‌ಬಿಎ1ಸಿ 5.7. ಫೈಬ್ರೋಸ್ಕ್ಯಾನ್ ಗಟ್ಟಿತನ 5.9, ಕೊಬ್ಬಿನ ಅಳತೆ 312ರಿಂದ 258. ಲಿವರ್‌ಗೆಂದು ಒಂದೂ ಮಾತ್ರೆ ಇಲ್ಲ. ಕೊಬ್ಬು ಪೂರ್ತಿ ಹೋಗಿಲ್ಲ. ಎಚ್‌ಡಿಎಲ್ 39ಕ್ಕೆ ಬಂದು ನಿಂತಿದೆ, ಸೊಂಟ 94, ಇನ್ನೂ 4 ಸೆಂ.ಮೀ. ಹೋಗಬೇಕು. ಮುಂದಿನ ರಕ್ತ ಪರೀಕ್ಷೆ ಅಕ್ಟೋಬರ್‌ಗೆ, ದಸರೆ ದೀಪಾವಳಿಯ ಸಿಹಿ ಶುರುವಾಗುವ ಮೊದಲು. ಎಣ್ಣೆ ಡಬ್ಬಿ ಎರಡು ತಿಂಗಳು ಬರುತ್ತಿಲ್ಲ, ಐವತ್ತು ದಿನಕ್ಕೆ ಮುಗಿಯುತ್ತಿದೆ.